ಬಶಿಯಲ್ಲಿನ ಅರ್ಧ ಚಹಾ

ಬಶಿಯ ಅಂಚಿನಲ್ಲಿ ಸಣ್ಣ ಚಕ್ಕೆಯೊಂದು ಎದ್ದುಹೋಗಿತ್ತು. ಪೊಲೀಸ್ ಅಧಿಕಾರಿ ತನ್ನ ಕಪ್ಪಿನ ಅರ್ಧ ಚಹಾವನ್ನು ಅದಕ್ಕೆ ಸುರಿದು, ಎದುರು ಕುಳಿತವನ ಕಡೆಗೆ ಸರಿಸಿದ. ಮೊನ್ನೆ ಸಂಜೆ ಜೇವರ್ಗಿಯ ನನ್ನ ಬಾಡಿಗೆ ಕೋಣೆಯಲ್ಲಿ, ಲ್ಯಾಪ್‌ಟಾಪಿನಲ್ಲಿ ಹಳೆಯ ಸಿನಿಮಾವೊಂದರ ಈ ದೃಶ್ಯ ಕಂಡಾಗ ಕಾಕು ನೆನಪಾದರು...

ನರೋಣಾದಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಮ್ಮ ಅವರು. ಹೊಡೆದಾಟದ ಸಿನಿಮಾ ಎಂದರೆ ಪ್ರಾಣ. ಹೈಸ್ಕೂಲಿನಲ್ಲಿದ್ದ ನನ್ನನ್ನು ಕರೆದುಕೊಂಡು, ಸಂತೆಯ ನೆಪ ಹೇಳಿ ಆಳಂದದ ಟಾಕೀಸಿಗೆ ಹೋಗುತ್ತಿದ್ದರು. ಮ್ಯಾಟಿನಿ ಮುಗಿಯುವ ಮೊದಲೇ ನಮ್ಮೂರ ಬಸ್ಸು ಹೊರಡುತ್ತಿತ್ತು. ಅದು ತಪ್ಪಿದರೆ ಸಂತೆಯ ನೆಪ ನಡೆಯುತ್ತಿರಲಿಲ್ಲ. ಹೀಗಾಗಿ ಯಾವ ಸಿನಿಮಾದ ಕೊನೆಯನ್ನೂ ನಾವು ನೋಡಿದವರಲ್ಲ.

ಬಶಿಯ ದೃಶ್ಯವಿದ್ದ ಆ ಸಿನಿಮಾವನ್ನೂ ಹಾಗೆಯೇ ನೋಡಿದ್ದೆವು. ಅದರಲ್ಲಿ ಕೊಲೆ ಮಾಡಿ ಓಡುತ್ತಿದ್ದ ಲಾರಿ ಚಾಲಕ, ಅಧಿಕಾರಿಯ ಬಾಲ್ಯದ ಗೆಳೆಯ. ಇಬ್ಬರು ನಟರೂ ಹೆಚ್ಚು ಮಾತಾಡುವುದಿಲ್ಲ. ಚಾಲಕನಾದವನು ತನ್ನ ಭಯವನ್ನೆಲ್ಲ ಸುಡುವ ಚಹಾವನ್ನು ಒಂದೇ ಗುಟುಕಿಗೆ ಕುಡಿಯುವುದರಲ್ಲಿ ತೋರಿಸಿದ್ದ. ಕೊನೆಗೆ ಅಧಿಕಾರಿ ಅವನ ಮೇಲೆ ಪಿಸ್ತೂಲು ಎತ್ತಿದ. ಅಷ್ಟರಲ್ಲಿ ನಾವು ಎದ್ದು ಬಸ್ಸಿಗೆ ಓಡಿದೆವು.

ಕಂಡಕ್ಟರ್ ಆಗಲೇ ಸಿನಿಮಾ ನೋಡಿದ್ದ. “ಕಡೀಕ ಏನಾತು ಹೇಳ್ಲೇನ್ರಿ ಕಾಕು?”

“ಬಾಯಿ ಮುಚ್ಕೊಂಡು ಟಿಕೆಟ್ ಹರಿಯಪ್ಪಾ. ನೀ ಹೇಳಿದ್ರ ಆರಿದ ಚಹಾ ಕುಡದಂಗ ಆಗ್ತದ,” ಎಂದ ಕಾಕು ನನ್ನ ಕಡೆ ತಿರುಗಿದರು. “ಅವ ಗುಂಡು ಹಾರಸಂಗಿಲ್ಲ ಬೇ. ಬಶಿ ಸರಸೂದು ನೋಡಿದಿಲ್ಲ? ತನ್ನ ಪಾಲಿನ ಚಹಾ ಕೊಟ್ಟ ಕೈ ಅದು. ಹೊಡಿತದೇನ?”

ಮರುದಿನ ಗಂಡಸರಿಲ್ಲದ ಹೊತ್ತಿನಲ್ಲಿ, ಕಟ್ಟೆಯ ಮೇಲೆ ಹೆಂಗಸರಿಗೆ ಕಥೆ ಹೇಳುವಾಗ ಕಾಕು ತಮ್ಮ ಊಹೆಯನ್ನೇ ಕೊನೆಯೆಂದು ಹೇಳಿಬಿಟ್ಟರು. ಅಧಿಕಾರಿ ಪಿಸ್ತೂಲು ಇಳಿಸಿ, ಗೆಳೆಯನ ಹೆಗಲ ಮೇಲೆ ಕೈ ಹಾಕಿದ... “ಹೌದಿಲ್ಲ ಬೇ?” ಎಂದು ನನ್ನನ್ನೇ ಕೇಳಿದರು. ನಾನು ತಲೆಯಾಡಿಸಿದೆ. ಅವರ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಕು ಹೋದ ವರ್ಷ ತೀರಿಕೊಂಡರು.

ಮೊನ್ನೆ ಮೊದಲ ಸಲ ಕೊನೆಯವರೆಗೆ ನೋಡಿದೆ. ಗುಂಡು ಹಾರಿತು, ಗೆಳೆಯ ಬಿದ್ದ. ಆದರೆ ಪಿಸ್ತೂಲು ಹಿಡಿದ ಕೈ ಕೆಳಗಿಳಿಯಲೇ ಇಲ್ಲ. ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತುಬಿಟ್ಟ ಆ ನಟ. ಕಥೆ ಬರೆದವರಿಗಿಂತ ಆ ಕೈಯನ್ನು ಕಾಕುವೇ ಹೆಚ್ಚು ಬಲ್ಲವರೆನಿಸಿತು. ಹೇಳೋಣವೆಂದರೆ ಅವರೇ ಇಲ್ಲ...

ಮರುದಿನ ಬೆಳಿಗ್ಗೆ ಅಫಜಲಪುರದಲ್ಲಿರುವ ಅವರ ಮಗಳಿಗೆ ಫೋನ್ ಮಾಡಿ, ಆ ಸಿನಿಮಾ ಸಿಕ್ಕಿತೆಂದೆ.

“ಅವ್ವ ಹೇಳ್ತಿದ್ಳಲ್ಲ, ಅದೇನ? ಅವ ಗುಂಡು ಹಾರಸಂಗಿಲ್ಲ, ಹೌದಿಲ್ಲ?”

“ಹೌದಕ್ಕಾ,” ಎಂದೆ. “ಹೆಗಲ ಮ್ಯಾಲ ಕೈ ಹಾಕ್ತಾನ.”