ಮಗುವಿಲ್ಲದ ಬಾಣಂತನ

ನನ್ನ ಮೊಮ್ಮಗಳು ಅಶ್ವಿತಾ ತೆಕ್ಕಟ್ಟೆಯಲ್ಲಿ ಮೀನು ಮಾರುವವಳು. ಇನ್ನೂ ಮದುವೆಯಾಗಿಲ್ಲ. ಪ್ರಾಯಕ್ಕೆ ಬಂದಾಗಿನಿಂದ ಅವಳಿಗೆ ಎದೆ ಭಾರ. ಒಳಂಗಿಯ ಪಟ್ಟಿ ಕೊರೆದು ಹೆಗಲಲ್ಲಿ ಗೆರೆ ಬಿದ್ದಿತ್ತು, ಬೆನ್ನು ನೋವು ಬೇರೆ. ಈ ಮಳೆಗಾಲ ದೋಣಿಗಳು ದಡದಲ್ಲಿದ್ದಾಗ ಉಡುಪಿಗೆ ಹೋಗಿ, ಆಪರೇಷನ್ ಮಾಡಿಸಿ ಎದೆ ಸಣ್ಣ ಮಾಡಿಸಿಕೊಂಡು ಬಂದಳು.

"ಯಾರಿಗೂ ಹೇಳುಕಾಗ, ಅಮ್ಮಮ್ಮ" ಎಂದು ಮಾತು ತೆಗೆದುಕೊಂಡಳು.

ಎದೆಗೆ ಪಟ್ಟಿ ಬಿಗಿದು ಮಲಗಿದವಳನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಕಾಯಿಲೆಯೂ ಅಲ್ಲ, ಹೆರಿಗೆಯೂ ಅಲ್ಲ. ಮಲಗಿದ ಹೆಣ್ಣಿಗೆ ಮಾಡಲು ನನಗೆ ಗೊತ್ತಿರುವುದು ಬಾಣಂತನ ಒಂದೇ. ಬೆಳ್ಳುಳ್ಳಿ, ಓಮ, ಬೆಲ್ಲ ಹಾಕಿ ಬಾಣಂತಿ ಲೇಹ್ಯ ಕಾಸಿದೆ.

"ನಾನೆಂತ ಹೆತ್ತಿದ್ನಾ, ಅಮ್ಮಮ್ಮ?" ಎಂದು ನಗಲು ಹೋಗಿ, ನೋವಾಗಿ ಎದೆಯ ಪಟ್ಟಿ ಒತ್ತಿಕೊಂಡಳು.

ಅಷ್ಟರಲ್ಲಿ ಲೇಹ್ಯದ ವಾಸನೆ ಬೇಲಿ ದಾಟಿತ್ತು. ನೆರೆಮನೆಯ ಗುಲಾಬಿ ಓಡಿ ಬಂದಳು.

"ಹ್ವಾಯ್, ಮದಿ ಆಗ್ದಿದ್ ಹೆಣ್ಣಿಗೆ ಬಾಳಂತಿ ಮದ್ದಾ? ಮಗು ಎಲ್ಲಿತ್ತ್?"

ನಿಜ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ, ಸುಮ್ಮನಿದ್ದರೆ ಹುಡುಗಿಯ ಮಾನವೇ ಹೋಗುತ್ತದೆ.

ಅಶ್ವಿತಾ ಗೋಡೆ ಹಿಡಿದು ಎದ್ದು ಬಂದಳು. "ಮಗು ಅಲ್ಲ ಗುಲಾಬಿ ಅಕ್ಕ, ಆಪರೇಷನ್ ಮಾಡ್ಸಿ ಎದಿ ಭಾರ ಇಳ್ಸ್ಕಂಡ್ ಬಂದೆ. ಅಮ್ಮಮ್ಮಂಗೆ ಬೇರೆ ಮದ್ದ್ ಗೊತ್ತಿಲ್ಲೆ."

ಗುಲಾಬಿ ನಗುತ್ತಾಳೆ ಅಂದುಕೊಂಡೆ. ಅವಳು ಸೆರಗು ಸರಿಸಿ, ತನ್ನ ಹೆಗಲಲ್ಲಿದ್ದ ಅಂಥದೇ ಗೆರೆಯನ್ನು ಉಜ್ಜಿಕೊಂಡಳು.

"ಬೆನ್ನ್ ನೋವ್ ಕಮ್ಮಿ ಆಯ್ತಾ, ಹೆಣೆ?" ಎಂದು ಮೆಲ್ಲಗೆ ಕೇಳಿ ಅಲ್ಲೇ ಕೂತಳು.

ಲೇಹ್ಯವನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಇಬ್ಬರ ಕೈಗೂ ಒಂದೊಂದು ಉಂಡೆ ಇಟ್ಟೆ.