ಅವ್ವ ನೀರು ಬೆರೆಸಿದ ಸನ್‌ಸ್ಕ್ರೀನ್

ಫ್ರೆಂಡ್ಸ್, ಅಕ್ಷರ ತಪ್ಪಿದ್ದರೆ ಕ್ಷಮಿಸಿ, ನಾನು ಓದಿದ್ದು ನಾಲ್ಕನೇ ಕ್ಲಾಸು. ಕುರಿ ಮೇಯಿಸಲು ಹೋದರೆ ಬಿಸಿಲಿಗೆ ನನ್ನ ಮುಖದಲ್ಲಿ ಗುಳ್ಳೆ ಏಳುತ್ತವೆ. ಅದಕ್ಕೆ ಕಡೂರಿನ ಡಾಕ್ಟರು ಸನ್‌ಸ್ಕ್ರೀನ್ ಬರೆದುಕೊಟ್ಟಿದ್ದರು. ಇವತ್ತು ಬೆಳಿಗ್ಗೆ ನೋಡಿದರೆ ಅವ್ವ ಇಡೀ ಟ್ಯೂಬನ್ನು ಒಂದು ಚೊಂಬು ನೀರಿಗೆ ಕಲಸಿದ್ದಳು.

"ಟ್ಯೂಬ್ ಮೇಲೆ ಐವತ್ತು ಅಂತ ಬರ್ದೈತೆ ಕಣೇ. ಗಿಡಕ್ಕೆ ಹೊಡೆಯೋ ಔಷ್ದಿನೇ ನೀರು ಬೆರೆಸ್ದೆ ಹೊಡೆಯಲ್ಲ. ನಿನ್ ಮುಖ ಸುಟ್ಟೋದ್ರೆ?"

"ಅದು ಔಷ್ದಿ ಎಷ್ಟು ಖಾರ ಅಂತಲ್ಲ ಕಣವ್ವ, ಬಿಸ್ಲು ಎಷ್ಟು ತಡೀತದೆ ಅನ್ನೋ ಲೆಕ್ಕ. ತೆಳ್ಳಗೆ ಹಚ್ಚಿದ್ರೇನೇ ಐವತ್ತು ಉಳಿಯಲ್ಲ ಅಂದಿದ್ರು ಡಾಕ್ಟ್ರು. ನೀರು ಮಾಡಿದ್ಮೇಲೆ ಇನ್ನೇನು ಉಳೀತು?"

ಅವ್ವ ಅದನ್ನು ಚೆಲ್ಲಲು ಒಪ್ಪಲಿಲ್ಲ. ನಿನ್ನೆ ಉಣ್ಣೆ ಕತ್ತರಿಸಿದ್ದ ಕುರಿಯ ಬೆನ್ನಿಗೆ ಸುರಿದು ಸವರಿದಳು. ಕುರಿ ಸನ್‌ಸ್ಕ್ರೀನ್ ಹಚ್ಚಿಸಿಕೊಂಡು ಮುಂದೆ ಹೋಯಿತು. ನಾನು ಮುಖಕ್ಕೆ ಟವೆಲ್ ಸುತ್ತಿಕೊಂಡು ಹಿಂದೆ ಹೊರಟೆ.