ಅಮ್ಮನ ಕಾಗದ, ಅಕ್ಕನ ಅಕ್ಷರ

ಟೈಲರ್ ಅಕ್ಕನಿಗೆ ತಂಗಿಯ ಮೇಲಿದ್ದ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ತಂಗಿ ಅಮ್ಮನ ಮಾತು ಮೀರಿ ಮದುವೆಯಾಗಿ ದೂರದ ಊರಿಗೆ ಹೋದಳು. ಅಕ್ಕ ಮದುವೆಯನ್ನೇ ಬಿಟ್ಟು ಅಮ್ಮನ ಜೊತೆ ಉಳಿದಳು. ಊಟ, ಔಷಧಿ, ಸ್ನಾನ ಎಲ್ಲಾ ಇವಳ ಪಾಲು. ಅಮ್ಮನ ಬಾಯಲ್ಲಿ ಮಾತ್ರ ಸದಾ ಚಿಕ್ಕವಳ ಧ್ಯಾನ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಅಮ್ಮನಿಗೆ ಕೈನಡುಕ ಶುರುವಾದ ಮೇಲೆ ಇನ್ನೊಂದು ಉರಿ ಸೇರಿತು. ಚಿಕ್ಕವಳಿಗೆ ಗೊತ್ತಾದರೆ ಗಾಬರಿಯಾಗುತ್ತಾಳೆ, ನನ್ನ ಅಕ್ಷರದ ಹಾಗೇ ದುಂಡಗೆ ಬರಿ ಎಂದಳು ಅಮ್ಮ. ತಿಂಗಳಿಗೊಮ್ಮೆ ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ, 'ನನ್ನ ಬಂಗಾರ' ಎಂದು ತಂಗಿಗೆ ತನ್ನ ಕೈಯಾರೆ ಬರೆಯುತ್ತಿದ್ದಳು. ಕೆಳಗಿನ ಸೊಟ್ಟ ರುಜು ಮಾತ್ರ ಅಮ್ಮನದು. ತಂಗಿ ಅಂಚೆಗೆ ಉತ್ತರ ಹಾಕುತ್ತಿದ್ದಳು, ತಾನು ಮಾತ್ರ ಬರುತ್ತಿರಲಿಲ್ಲ. ಬಾ ಎಂದು ಒಮ್ಮೆಯೂ ಬರೆಯದ ಅಮ್ಮನ ಸಿಟ್ಟು ಇಳಿದಿಲ್ಲ ಎಂದೇ ಅವಳ ನಂಬಿಕೆ. ಅಮ್ಮ ಹಾಗೇ ತೀರಿಕೊಂಡಳು.

ಆಮೇಲೆ, ಅಮ್ಮ ಮನೆಯನ್ನು ತನಗೇ ಮಾರಿದ್ದಾಳೆ ಎಂದು ಚಿಕ್ಕಪ್ಪ ಪತ್ರವೊಂದನ್ನು ತೋರಿಸಿ ದಾವೆ ಹಾಕಿದ. ಅವನು ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಂಡು ಹೋದ ದಿನವೇ ಅಮ್ಮ ಆ ಸಂಗತಿಯನ್ನು ಅಕ್ಕನ ಕೈಯಲ್ಲಿ ತಂಗಿಗೆ ಬರೆಸಿದ್ದಳು. ಮನೆ ಉಳಿಯಬೇಕಾದರೆ ಕೋರ್ಟು ತಂಗಿಯ ಬಳಿಯಿದ್ದ ಆ ಕಾಗದವನ್ನು ಸಾಕ್ಷ್ಯವಾಗಿ ಒಪ್ಪಬೇಕಿತ್ತು.

ತಂಗಿ ಕಟಕಟೆ ಹತ್ತಿ, ಇದು ಅಮ್ಮನದೇ ಅಕ್ಷರ ಎಂದುಬಿಟ್ಟಳು. ರುಜು ನಡುಗುತ್ತಿದೆ, ಅಕ್ಷರ ಯಾಕೆ ನಡುಗುತ್ತಿಲ್ಲ ಎಂದು ಚಿಕ್ಕಪ್ಪನ ವಕೀಲರು ಹಿಡಿದರು. ಅಕ್ಕನೇ ಬಂದು, ಬರೆದದ್ದು ನಾನು, ಹೇಳಿದ್ದು ಅಮ್ಮ, ರುಜು ಅವಳದು ಎನ್ನಬೇಕಾಯಿತು. ಬೆಂಚಿನ ಮೇಲಿದ್ದ ತಂಗಿಯ ಮುಖ ಸಪ್ಪಗಾಯಿತು.

"ಅಮ್ಮ ಹೇಳಿದ್ದರ ಜೊತೆ ನಿಮ್ಮ ಮಾತೂ ಸೇರಿಸಿದ್ದೀರಿ, ಅಲ್ವಾ?" ಎಂದರು ವಕೀಲರು.

"ಸೇರಿಸಿಲ್ಲ ಸ್ವಾಮಿ. ಒಂದು ಮಾತು ಬಿಟ್ಟಿದ್ದೀನಿ."

"ಯಾವುದು?"

ಪ್ರಮಾಣ ಮಾಡಿಯಾಗಿತ್ತು. "ಕೊನೇಲಿ, 'ನಿನ್ನ ನೋಡ್ಬೇಕು ಅನ್ಸುತ್ತೆ, ಒಂದ್ಸಲ ಬಾ' ಅಂತ ಬರಿ ಅಂದಿದ್ಲು. ಬರೀಲಿಲ್ಲ."

ತನ್ನ ಮಾನ ತಾನೇ ಕಳೆದುಕೊಳ್ಳುವವಳು ಸುಳ್ಳು ಹೇಳಲಾರಳು ಎಂದು ನ್ಯಾಯಾಧೀಶರಿಗೆ ಅನಿಸಿರಬೇಕು. ಕಾಗದವನ್ನು ಒಪ್ಪಿದರು, ಗುಮಾಸ್ತ ಅದಕ್ಕೆ ನಂಬರು ಹಾಕಿ ಮೊಹರು ಒತ್ತಿದ.

ಹೊರಗಿನ ಮೆಟ್ಟಿಲ ಮೇಲೆ ತಂಗಿ ಕೇಳಿದಳು, "ಅದೊಂದೇ ಕಾಗದದಲ್ಲಿ ಬಿಟ್ಟಿದ್ದಾ ಅಕ್ಕಾ?"

"ಎಲ್ಲದ್ರಲ್ಲೂ," ಎಂದಳು ಅಕ್ಕ. "ನೀನು ಬಂದ್ಬಿಟ್ಟಿದ್ರೆ ಅವ್ಳು ನನ್ ಮುಖಾನೂ ನೋಡ್ತಿರ್ಲಿಲ್ಲ ಕಣೇ."